ಓರೆ ಅರಮನೆಯ ಕಿಮ್‌ಬೂ

ಕಿಮ್‌ಬೂ ಅಣ್ಣ ತೀರಿಕೊಂಡ ಮೂರನೇ ದಿನ ನಗರದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಹೆಸರು ಯಾಪ್ ಕಿಮ್‌ಬೂ, ವಯಸ್ಸು ಎಪ್ಪತ್ತೊಂಬತ್ತು, ಗುಡಿಯ ಬಾಗಿಲ ಚಿತ್ರಗಳನ್ನೂ ನಾಟಕದ ಪರದೆಗಳನ್ನೂ ಬರೆಯುತ್ತಿದ್ದವರು, 'ಓರೆ ಅರಮನೆ'ಯಿಂದ ಹೆಸರಾದವರು. ಅಷ್ಟೆ. ಐವತ್ತು ವರ್ಷ ನೆಟ್ಟಗೆ ಬರೆದದ್ದು ಯಾರಿಗೂ ನೆನಪಿಲ್ಲ, ಒಂದೇ ಒಂದು ಸಲ ಓರೆಯಾಗಿ ಬರೆದದ್ದು ಹೆಸರಿಗೆ ಅಂಟಿಕೊಂಡಿತು. ನನಗೆ ಸಿಟ್ಟು ಬಂತು. ಆ ಹಾಳೆಯಲ್ಲಿ ಒಣಮೀನು ಸುತ್ತಿ ಪಕ್ಕದ ಮನೆಯವಳಿಗೆ ಕೊಟ್ಟೆ.

ನಾನು ಆಬಾನ್. ಹೊಂಗ್‌ಲೈ ನಾಟಕ ಕಂಪನಿಯಲ್ಲಿ ವೇಷದ ಪೆಟ್ಟಿಗೆಗಳನ್ನು ಕಾಯುತ್ತಿದ್ದವಳು. ಹದಿನಾಲ್ಕು ಪೆಟ್ಟಿಗೆ. ರಾಜನ ಅಂಗಿ ಯಾವುದರಲ್ಲಿ, ಭಿಕ್ಷುಕನ ಅಂಗಿ ಯಾವುದರಲ್ಲಿ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಕಿಮ್‌ಬೂ ಅಣ್ಣ ಬರೆದ ಪರದೆಗಳನ್ನು ಸುತ್ತುವುದೂ ಬಿಚ್ಚುವುದೂ ನನ್ನದೇ ಕೆಲಸ. ಹಾಗಾಗಿ ಅವನ ವಿಷಯ ಹೇಳಲು ಪತ್ರಿಕೆಯವರಿಗಿಂತ ನನಗೆ ಹೆಚ್ಚು ಹಕ್ಕಿದೆ.

ಅವನ ಅಪ್ಪ ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಿದ್ದವನು. ಮಗ ಉಪ್ಪಿನ ರಾಶಿಯ ಮೇಲೆ ಕಡ್ಡಿಯಿಂದ ಕುದುರೆ ಬರೆಯುವುದನ್ನು ಕಂಡು, 'ಇವನು ನಮ್ಮ ಕಸುಬಿಗೆ ಆಗುವವನಲ್ಲ' ಎಂದು ಬಾಗಿಲಿಗೆ ದ್ವಾರಪಾಲಕರನ್ನು ಬರೆಯುವ ಮುದುಕನೊಬ್ಬನ ಹತ್ತಿರ ಬಿಟ್ಟ. ಆ ಮುದುಕ ನಾಟಕದ ಪರದೆಯನ್ನೂ ಬರೆಯುತ್ತಿದ್ದ. ಅರಮನೆ, ತೋಟ, ಕಾಡು, ಛತ್ರ ಈ ನಾಲ್ಕು ಇದ್ದರೆ ನಮ್ಮ ಯಾವ ನಾಟಕವೂ ನಿಲ್ಲುವುದಿಲ್ಲ. ಕಿಮ್‌ಬೂ ಕಲಿತದ್ದು ಈ ನಾಲ್ಕನ್ನು. ಬಟ್ಟೆಯನ್ನು ಹಳೇ ಉಪ್ಪಿನ ಉಗ್ರಾಣದ ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೆಯೇ ನಡೆಯುತ್ತ, ಬಿದಿರಿನ ಗಳಕ್ಕೆ ಕಟ್ಟಿದ ಕುಂಚದಿಂದ ಬರೆಯುತ್ತಿದ್ದ. ಚರ್ಮದಿಂದ ಕಾಯಿಸಿದ ಅಂಟಿನ ವಾಸನೆ ಉಗ್ರಾಣದಿಂದ ಮೀನು ಮಾರುಕಟ್ಟೆಯವರೆಗೂ ಬರುತ್ತಿತ್ತು.

ಗುರುವಿನಿಂದ ಅವನು ಕಲಿತ ಇನ್ನೊಂದು ಸಂಗತಿ ಇತ್ತು. ನಮ್ಮ ನಾಟಕ ಊರವರಿಗಾಗಿ ಅಲ್ಲ, ಮಾಚೋ ತಾಯಿಗಾಗಿ. ಕಡಲಿಗೆ ಹೋದವರನ್ನು ಕಾಯುವವಳು ಅವಳು. ರಂಗ ಅವಳ ಗುಡಿಗೆ ಮುಖಮಾಡಿ ನಿಲ್ಲುತ್ತದೆ, ಅಂಗಳದಲ್ಲಿ ನಿಂತವರು ತಮ್ಮ ಜಾಗದಿಂದ ಕಂಡಷ್ಟನ್ನು ನೋಡಿಕೊಳ್ಳಬೇಕು. ಆದ್ದರಿಂದ ಪರದೆ ಬರೆಯುವ ಮುಂಚೆ ಕಿಮ್‌ಬೂ ಗರ್ಭಗುಡಿಯ ಹೊಸ್ತಿಲಲ್ಲಿ ಮಂಡಿಯೂರಿ, ಅರ್ಧಚಂದ್ರದಂಥ ಎರಡು ಮರದ ತುಂಡು ಎಸೆದು ತಾಯಿಯ ಅಪ್ಪಣೆ ಕೇಳುತ್ತಿದ್ದ. ಅವಳು ಒಪ್ಪಿದಳೆಂದರೆ ಅವಳ ಕಣ್ಣಿನ ಮಟ್ಟದಿಂದ ರಂಗದವರೆಗೆ ಒಂದು ಕೆಂಪು ದಾರ ಎಳೆದು ಅಳತೆ ಹಿಡಿಯುತ್ತಿದ್ದ. ಅರಮನೆಯ ಕಂಬಗಳೆಲ್ಲ ಆ ದಾರದ ಲೆಕ್ಕಕ್ಕೆ ನಿಲ್ಲಬೇಕು. ಪೂರ್ತಿ ಸರಿಯಾಗಿ ಕಾಣುವುದು ತಾಯಿಯ ಜಾಗದಿಂದ ಮಾತ್ರ. ಗುಡಿ ನೇರ ಎದುರಿಗೇ ಇರುವುದರಿಂದ ಅಂಗಳದವರಿಗೂ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತಿತ್ತು, ಯಾರೂ ತಕರಾರು ಮಾಡಲಿಲ್ಲ.

ನಮ್ಮ ಕಂಪನಿಯಲ್ಲಿ ನಾಯಕನ ಪಾತ್ರ ಸೋಲಿಯೆನ್ ಅಕ್ಕನದು. ನಮ್ಮಲ್ಲಿ ಗಂಡು ಪಾತ್ರ ಹೆಂಗಸರೇ ಮಾಡುವುದು, ಗೊತ್ತಲ್ಲ. ಮೂವತ್ತು ವರ್ಷ ಅವಳು ರಾಜಕುಮಾರ, ಬಡ ವಿದ್ಯಾರ್ಥಿ, ಪರೀಕ್ಷೆ ಗೆದ್ದ ಅಧಿಕಾರಿ. ಅಂಗಳದ ಹೆಂಗಸರು ಅವಳಿಗೆ ಉಂಗುರ ಬಿಚ್ಚಿ ಎಸೆಯುತ್ತಿದ್ದರು. ನಾಲ್ಕು ಹೆಜ್ಜೆ ಹಾಕಿ ರಂಗದ ನಡುವೆ ಬಂದು ನಿಂತಳೆಂದರೆ ಮುಗಿಯಿತು, ಹಾಡು ಮುಗಿಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಹಳೇ ಕಾಲದವರು ಹಾಗೇ ನಿಲ್ಲುತ್ತಿದ್ದರು.

ಕಿಮ್‌ಬೂಗೂ ಅವಳಿಗೂ ದಿನಾ ಜಗಳ. ಅವಳ ಅಂಗಿಗಳ ನಮೂನೆ ಬರೆಯುತ್ತಿದ್ದವನೂ ಅವನೇ, ಬಣ್ಣ ಗೊತ್ತು ಮಾಡುತ್ತಿದ್ದವನೂ ಅವನೇ. ಮೊದಲು ಅಂಗಿ, ಆಮೇಲೆ ಅರಮನೆ ಎನ್ನುವುದು ಅವನ ನೇಮ. ಅಂಗಿಯ ತುಂಡೊಂದನ್ನು ಮುಂದಿಟ್ಟುಕೊಂಡು ಅದನ್ನು ನುಂಗದ ಬಣ್ಣವನ್ನೇ ಪರದೆಗೆ ಕಲಸುತ್ತಿದ್ದ.

"ನಂಗೆ ಕೆಂಪು ಬೇಕು," ಅನ್ನುತ್ತಿದ್ದಳು ಸೋಲಿಯೆನ್.

"ಬಡ ವಿದ್ಯಾರ್ಥಿ ಕೆಂಪು ಹಾಕ್ಕೊಂಡು ಯಾರ ಮದ್ವೆಗೆ ಹೊಂಟಿದಾನೆ?"

"ನಿಂದೇ ಮದ್ವೆಗೆ. ಹೆಣ್ಣು ಸಿಕ್ಕಿದ್ರೆ."

"ಹರಿದದ್ದು ಉಟ್ಕೋ ಬೇಕಾದ್ರೆ, ಪಾತ್ರಕ್ಕೆ ತಪ್ಪಾದದ್ದು ಉಡೋಕೆ ನಾ ಬಿಡಲ್ಲ. ನೀಲಿ. ಮಾತಿಲ್ಲ."

ಅವಳು ನೀಲಿಯನ್ನೇ ಉಡುತ್ತಿದ್ದಳು. ಬೈದುಕೊಂಡು ಉಡುತ್ತಿದ್ದಳು.

ಚಂಡಮಾರುತದ ವರ್ಷ ಹದಿನಾಲ್ಕು ಪೆಟ್ಟಿಗೆಯಲ್ಲಿ ಒಂಬತ್ತಕ್ಕೆ ಸಮುದ್ರದ ನೀರು ನುಗ್ಗಿ ಕಸೂತಿ ಅಂಗಿಗಳೆಲ್ಲ ಕೊಳೆತವು. ನಾನು ಪೆಟ್ಟಿಗೆ ತೆರೆದು ಅತ್ತೆ. ಕಿಮ್‌ಬೂ ಅಣ್ಣ ಬರೀ ಹತ್ತಿಬಟ್ಟೆ ತಂದು ಹನ್ನೊಂದು ದಿನದಲ್ಲಿ ಕಸೂತಿಯನ್ನು ಕುಂಚದಿಂದಲೇ ಬರೆದ. ಜರಿಯ ಎಳೆ ಎಳೆಯನ್ನೂ ಬರೆದ, ಅದರ ಕೆಳಗಿನ ನೆರಳನ್ನೂ ಬರೆದ. ಹತ್ತು ಮಾರು ದೂರದಿಂದ ನನಗೇ ಮೋಸವಾಯಿತು. ಆಟದ ದಿನ ಮಳೆ ಬಂತು. ಊರವರು ಓಡಿದರು, ತಾಯಿ ಕೂತಿದ್ದಾಳಲ್ಲ, ಆಟ ನಿಲ್ಲಿಸುವಂತಿಲ್ಲ. ಸೋಲಿಯೆನ್ ಖಾಲಿ ಅಂಗಳದ ಮುಂದೆ ಒಂದು ಸಾಲೂ ಬಿಡದೆ ಹಾಡಿದಳು, ಮಳೆಗೆ ಅಂಗಿಯ ಬಣ್ಣವೆಲ್ಲ ಕರಗಿ ಇಳಿಯಿತು. ಒಳಗೆ ಬಂದವಳೇ ಕಾಲೆತ್ತಿ ತೋರಿಸಿದಳು.

"ನೋಡೋ ಕಿಮ್‌ಬೂ. ನಿನ್ನ ಡ್ರ್ಯಾಗನ್ನು ನನ್ನ ಬೂಟೊಳಗೆ ಇಳಿದು ಕೂತಿದೆ."

ಅವನು ಬೂಟು ತೆಗೆದುಕೊಂಡು ಹೋಗಿ ತೊಳೆದು ತಂದ. ಆಮೇಲೆ ಬರೆದ ಅಂಗಿಗಳಿಗೆಲ್ಲ ಎಣ್ಣೆ ಹಾಯಿಸತೊಡಗಿದ.

ಜನ ಏನೇನೋ ಅಂದುಕೊಂಡರು. ಅವನಿಗೆ ಹೆಂಡತಿ ಇದ್ದಳು, ಬೇಗ ಸತ್ತಳು, ಮತ್ತೆ ಮದುವೆಯಾಗಲಿಲ್ಲ. ಇವಳಿಗೆ ಮದುವೆಯೇ ಇಲ್ಲ. ನಾನು ಪೆಟ್ಟಿಗೆ ಕಾಯುವವಳು, ಯಾರ ಬಟ್ಟೆ ಎಲ್ಲಿ ಸಿಕ್ಕಿತು ಎನ್ನುವುದು ನನಗೆ ಗೊತ್ತಿರುತ್ತದೆ. ಅಂಥದ್ದೇನೂ ಇರಲಿಲ್ಲ. ಇದ್ದದ್ದಕ್ಕೆ ಏನು ಹೆಸರು ಎಂದು ಕೇಳಿದರೆ ನನಗೆ ಇವತ್ತಿಗೂ ತಿಳಿಯದು.

ಐವತ್ತೆಂಟನೇ ವಯಸ್ಸಿಗೆ ಸೋಲಿಯೆನ್‌ಗೆ ಪಾರ್ಶ್ವವಾಯು ಹೊಡೆಯಿತು. ಎಡಗಡೆ ಪೂರ್ತಿ ಹೋಯಿತು, ಮಾತು ಉಳಿಯಿತು. ತಮ್ಮನ ಮನೆಯಲ್ಲಿ ಗಾಲಿ ಕುರ್ಚಿಯಲ್ಲಿ ಕೂತಿದ್ದಳು. ಕಿಮ್‌ಬೂ ಅಣ್ಣ ವಾರಕ್ಕೊಂದು ಸಲ ಮೀನಿನ ಗಂಜಿ ತಗೊಂಡು ಹೋಗುತ್ತಿದ್ದ, ನಾನೂ ಹೋಗುತ್ತಿದ್ದೆ. ನಾಲ್ಕನೇ ವರ್ಷ ಒಂದು ದಿನ ಗಂಜಿ ಉಣ್ಣುತ್ತ ಅವಳು ಅಂದಳು:

"ಕಿಮ್‌ಬೂ, ನಿನ್ನ ಪರದೆ ಹೆಂಗಿರುತ್ತೆ?"

"ಹೆಂಗಿರುತ್ತೆ ಅಂದ್ರೆ? ಮೂವತ್ತು ವರ್ಷ ಅದರ ಮುಂದೇನೇ ಇದ್ಯಲ್ಲ."

"ಮುಂದೆ ಇದ್ದೆ. ಬೆನ್ನು ಹಾಕಿ ಇದ್ದೆ. ಪಕ್ಕದಿಂದ ಇಣುಕಿದೀನಿ, ಹಿಂದಿನಿಂದ ತೇಪೆ ನೋಡಿದೀನಿ. ದೀಪ ಹಚ್ಚಿದಾಗ ಎದುರಿಗೆ ಕೂತು ಒಂದು ಸಲನೂ ನೋಡಿಲ್ಲ ಕಣೋ."

"ಬಾ ಹಾಗಾದ್ರೆ. ಬರೋ ತಿಂಗಳು ಗುಡಿ ಮುಂದೆ ಆಟ ಐತೆ."

"ಈ ಕುರ್ಚಿಯಲ್ಲಾ? ಉಂಗುರ ಎಸೆದೋರ ಎದುರಿಗೆ? ಸತ್ರೂ ಬರಲ್ಲ."

ಅವಳು ಬರುವುದಿಲ್ಲ ಎಂದರೆ ಬರುವುದಿಲ್ಲ. ಅವನು ಪಾತ್ರೆ ಮುಚ್ಚಿಕೊಂಡು ಎದ್ದ.

ಅದೇ ವರ್ಷ ನಗರದ ಹೊಸ ರಂಗಮಂದಿರದಿಂದ ಕರೆ ಬಂತು. ಛ್ವಾ ಎಂಬ ನಿರ್ದೇಶಕ, ಪರದೇಶದಲ್ಲಿ ಓದಿ ಬಂದವನು, ನಮ್ಮ ಹಳೇ ಕಂಪನಿಯನ್ನು ದೊಡ್ಡ ರಂಗಕ್ಕೆ ತರಬೇಕೆಂದು ಹೊರಟಿದ್ದ. ಪರದೆ, ಉಡುಪು ಎರಡನ್ನೂ ಕಿಮ್‌ಬೂ ಅವರೇ ಮಾಡಲಿ ಎಂದ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಅಣ್ಣ ಮೊದಲ ದಿನವೇ ಕೆಂಪು ದಾರ, ಮರದ ತುಂಡು ಎರಡನ್ನೂ ಜೇಬಿಗೆ ಹಾಕಿಕೊಂಡು ಬಂದ. ಎಂಟುನೂರು ಕುರ್ಚಿಗಳ ಆ ಹಾಲಿನ ನಡುವೆ ನಿಂತು ಸುತ್ತ ನೋಡಿದ.

"ಮೇಷ್ಟ್ರೇ, ಇಲ್ಲಿ ದೇವರು ಎಲ್ಲಿ ಕೂರ್ತಾರೆ?"

ಛ್ವಾ ಮೇಷ್ಟ್ರು ನಕ್ಕರು. "ಇಲ್ಲಿ ದೇವರಿಲ್ಲ ಯಜಮಾನ್ರೇ. ಪ್ರೇಕ್ಷಕರಿದಾರೆ."

"ಪ್ರೇಕ್ಷಕರು ಎದ್ದು ಹೋಗ್ತಾರೆ. ಕೊನೇವರೆಗೂ ಏಳದೆ ಕೂರೋರು ಯಾರು ಅಂತ ಕೇಳಿದ್ದು."

"ಹತ್ತನೇ ಸಾಲಿನ ನಡುವೆ ಮಂತ್ರಿಗಳು ಕೂರ್ತಾರೆ. ಅವರೂ ಅರ್ಧಕ್ಕೇ ಏಳ್ತಾರೆ, ಬಿಡಿ."

ಅಷ್ಟರಲ್ಲಿ ದೀಪದವನು ಪರೀಕ್ಷೆಗೆಂದು ಹಾಲಿನ ದೀಪಗಳನ್ನೆಲ್ಲ ಆರಿಸಿದ. ರಂಗದ ಮೇಲೆ ಬೆಳಕು, ಕುರ್ಚಿಗಳ ಮೇಲೆ ಕತ್ತಲು. ನಮ್ಮ ಅಂಗಳದಲ್ಲಿ ನೋಡುವವರ ಮೇಲೂ ಬೆಳಕಿರುತ್ತದೆ. ಕತ್ತಲಲ್ಲಿ ಕೂತು ನಾಟಕ ನೋಡುವುದನ್ನು ನಾವಿಬ್ಬರೂ ಕಂಡಿದ್ದು ಅವತ್ತೇ ಮೊದಲು.

"ಆಟ ಪೂರ್ತಿ ಹಿಂಗೇ ಇರುತ್ತಾ ಮೇಷ್ಟ್ರೇ? ನೋಡೋರು ಯಾರು ಯಾರಿಗೂ ಕಾಣಲ್ವಾ?"

"ಕಾಣಲ್ಲ."

ಗಾಲಿ ಕುರ್ಚಿಯವರಿಗೆ ಜಾಗ ಎಲ್ಲಿ ಎಂದು ಅಣ್ಣ ಬಾಗಿಲವನನ್ನು ಕೇಳಿದ. ಮೂರನೇ ಸಾಲಿನ ಎಡತುದಿಯಲ್ಲಿ ಒಂದು ಕುರ್ಚಿಯಷ್ಟು ಜಾಗ ಖಾಲಿ ಬಿಟ್ಟಿದ್ದರು. ಅಣ್ಣ ಅಲ್ಲಿ ಹೋಗಿ ಕುಕ್ಕರಗಾಲಲ್ಲಿ ಕೂತ. ಕತ್ತಲಲ್ಲಿ ಮರದ ತುಂಡುಗಳು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ನನ್ನನ್ನು ಕೂಗಿ ದಾರದ ಇನ್ನೊಂದು ತುದಿ ಹಿಡಿದುಕೊಂಡು ರಂಗಕ್ಕೆ ಹೋಗು ಎಂದ.

ಮಾರನೇ ದಿನ ಸೋಲಿಯೆನ್‌ಗೆ ಹೇಳಿದೆವು. ಅವಳು ಎರಡು ಸಲ ಕೇಳಿದಳು, ಕತ್ತಲು ಪೂರ್ತಿ ಕತ್ತಲಾ ಎಂದು. "ಹಂಗಾದ್ರೆ ಬರ್ತೀನಿ. ಎಲ್ಲರಿಗಿಂತ ಮೊದ್ಲು ಒಳಗೆ ತಳ್ಕೊಂಡು ಹೋಗ್ಬೇಕು, ಎಲ್ಲರೂ ಹೋದ ಮೇಲೆ ಹೊರಗೆ. ಒಬ್ಬರು ನೋಡಿದ್ರೂ ನಿನ್ನ ಜುಟ್ಟು ಹಿಡೀತೀನಿ ಆಬಾನ್."

ಎರಡು ತಿಂಗಳು ಅವನು ಉಗ್ರಾಣ ಬಿಟ್ಟು ಬರಲಿಲ್ಲ. ನಾಲ್ಕು ಪರದೆ ಬರೆದ, ಹದಿನೇಳು ಉಡುಪಿಗೆ ಚಿತ್ರ ಬರೆದು ಬಣ್ಣ ಗೊತ್ತು ಮಾಡಿದ. ನಾಯಕನ ಪಾತ್ರ ಮಾಡುವ ಹೊಸ ಹುಡುಗಿಗೆ ಬೆಳದಿಂಗಳ ಬಣ್ಣದ ಅಂಗಿ. ಎಪ್ಪತ್ತು ತುಂಬಲು ಬಂದಿದ್ದವನು ದಿನಕ್ಕೆ ಹತ್ತು ತಾಸು ಬಟ್ಟೆಯ ಮೇಲೆ ನಡೆದ. ಮಂಡಿ ಊದಿಕೊಂಡಿತ್ತು. ಇದು ಅವಳು ನೋಡುವ ಮೊದಲನೆಯ ಆಟ, ಬಹುಶಃ ಕೊನೆಯದು ಕೂಡ ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಟಕ್ಕೆ ಐದು ದಿನ ಇರುವಾಗ ಪರದೆ ಏರಿಸಿ ದೀಪ ಹಾಕಿದರು. ಛ್ವಾ ಮೇಷ್ಟ್ರು ಹತ್ತನೇ ಸಾಲಿನ ನಡುವೆ ಕೂತಿದ್ದರು. ಆಮೇಲೆ ಮೆಲ್ಲಗೆ, "ಯಜಮಾನ್ರೇ, ಅರಮನೆ ಬೀಳ್ತಾ ಇದೆ," ಎಂದರು.

ಬೀಳುತ್ತಲೇ ಇತ್ತು. ನಡುವಿನಿಂದ ನೋಡಿದರೆ ಕಂಬಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಮೆಟ್ಟಿಲು ಜಾರುವ ಹಾಗಿತ್ತು. ತೋಟದಲ್ಲಿ ಕಾಲುದಾರಿ ಕೊಳದೊಳಕ್ಕೆ ಇಳಿದಿತ್ತು. ಹೊಸ ಹುಡುಗಿ, ಇದರ ಮುಂದೆ ನಿಂತರೆ ತನಗೆ ತಾಳ ತಪ್ಪುತ್ತದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವಳಿಗೆ ಕಂಬ ಡೊಂಕು ಎಂದು ನಾನು ಗೊಣಗಿದೆ. ಕಂಬ ನಿಜವಾಗಿಯೂ ಡೊಂಕಾಗಿತ್ತು, ಅದು ಬೇರೆ ಮಾತು.

ಅಣ್ಣ ಮೇಷ್ಟ್ರನ್ನು ಕೈಹಿಡಿದು ಮೂರನೇ ಸಾಲಿನ ಎಡತುದಿಗೆ ಕರೆದುಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂರಿಸಿದ. ಮೇಷ್ಟ್ರು ನೋಡಿದರು. ಅಲ್ಲಿಂದ ಅರಮನೆ ಬಂಡೆಯ ಹಾಗೆ ನೆಟ್ಟಗೆ ನಿಂತಿತ್ತು, ಒಳಗೆ ನಡೆದು ಹೋಗಬಹುದು ಅನ್ನಿಸುತ್ತಿತ್ತು. ಯಾರು ಇಲ್ಲಿ ಕೂರುವವರು ಎಂದು ಕೇಳಿದರು. ಅಣ್ಣ ಹೇಳಿದ. ಮೇಷ್ಟ್ರಿಗೆ ಅವಳ ಹೆಸರು ಗೊತ್ತಿತ್ತು. ಅವರ ಅಜ್ಜಿಯೂ ಉಂಗುರ ಎಸೆದವಳೇ.

"ಒಬ್ಬರಿಗಾಗಿ ಎಂಟುನೂರು ಜನ ಓರೆ ನೋಡ್ಬೇಕಾ ಯಜಮಾನ್ರೇ? ನೀವೇ ಹೇಳಿ."

ಅಲ್ಲಿ ಕೂರುವವರು ದೇವರಾಗಿದ್ದರೆ ಹೌದು, ಒಬ್ಬರಿಗಾಗಿಯೇ ಎನ್ನಬಹುದಿತ್ತು.

ಕೊನೆಗೆ ಅಣ್ಣನೇ ಒಂದು ದಾರಿ ಹೇಳಿದ. ತೋಟ, ಕಾಡು, ಛತ್ರ ಈ ಮೂರನ್ನೂ ನಡುವಿನ ಲೆಕ್ಕಕ್ಕೆ ಮತ್ತೆ ಬರೆದುಕೊಡುತ್ತೇನೆ, ಕೊನೆಯ ದೃಶ್ಯದ ಅರಮನೆಯೊಂದನ್ನು ಮುಟ್ಟಬೇಡಿ. ಐದು ದಿನದಲ್ಲಿ ಮೂರು ಪರದೆ. ಮೇಷ್ಟ್ರು ಅವನ ಮಂಡಿ ನೋಡಿದರು, ಮುಖ ನೋಡಿದರು.

"ಬೈಯೋದು ನಿಮ್ಮನ್ನ. ನಿಮ್ಮ ಹೆಸರು ಕೆಡುತ್ತೆ. ಬೇಕಾದ್ರೆ ಹೆಸರು ಹಾಕೋದು ಬೇಡ."

"ದಪ್ಪಕ್ಷರದಲ್ಲಿ ಹಾಕಿ ಮೇಷ್ಟ್ರೇ. ಬೈಯೋರಿಗೆ ವಿಳಾಸ ಬೇಕಲ್ಲ."

ಬೈದರು. ಆ ಅರಮನೆಯನ್ನು ಮಂತ್ರಿಗಳೂ ಅವತ್ತು ಏಳದೆ ಕೂತು ನೋಡಿದರು, ಪತ್ರಿಕೆಯವರೂ ನೋಡಿದರು. ಹಳ್ಳಿಯ ಚಿತ್ರಗಾರನಿಗೆ ದೊಡ್ಡ ರಂಗದ ಅಳತೆ ತಿಳಿಯಲಿಲ್ಲ ಎಂದು ಬರೆದರು. ಆಮೇಲೆ ಯಾವ ನಗರದವರೂ ಅವನನ್ನು ಕರೆಯಲಿಲ್ಲ. ಗುಡಿಗಳವರು ಕರೆದರು, ಅದು ಸಾಕಾಗಿತ್ತು ಅವನಿಗೆ. ಹತ್ತಿರ ಹತ್ತಿರ ಹತ್ತು ವರ್ಷ ಬಾಗಿಲ ಚಿತ್ರ ಬರೆದುಕೊಂಡಿದ್ದು ಹೋದ ತಿಂಗಳು ಕಣ್ಣು ಮುಚ್ಚಿದ. ಇಷ್ಟು ಪತ್ರಿಕೆಯವರಿಗೂ ಗೊತ್ತಿರುವ ಕಥೆ. ಅವರಿಗೆ ಗೊತ್ತಿಲ್ಲದ್ದು ಮೂರನೇ ಸಾಲಿನ ಎಡತುದಿಯಲ್ಲಿ ನಡೆದದ್ದು.

ಅದು ಮಧ್ಯಾಹ್ನದ ಆಟ. ಯಾರೂ ಬರುವ ಮೊದಲೇ ಸೋಲಿಯೆನ್‌ಳನ್ನು ಒಳಗೆ ತಳ್ಳಿಕೊಂಡು ಹೋದೆ. ತಲೆಗೆ ಸೆರಗಿನಂತೆ ಬಟ್ಟೆ ಹೊದ್ದಿದ್ದಳು. ದೀಪ ಆರಿದ ಮೇಲೆ ತೆಗೆದಳು. ಮೊದಲ ಮೂರು ಪರದೆ ಬಂದು ಹೋದವು. ಹೊಸ ಹುಡುಗಿ ಒಂದು ಹೆಜ್ಜೆ ತಪ್ಪಿದಾಗ ಹಲ್ಲು ಕಚ್ಚಿದಳು, ಅಷ್ಟೆ. ನಾಲ್ಕನೆಯದು ಏರಿತು. ಹಿಂದಿನ ಸಾಲುಗಳಲ್ಲಿ ಪಿಸುಮಾತು ಎದ್ದಿತು, ಯಾರೋ ನಕ್ಕರು ಕೂಡ. ಅವಳು ಬಲಗೈಯಿಂದ ಕುರ್ಚಿಯ ಹಿಡಿ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

"ಅವ್ವಾ," ಎಂದಳು ಮೆಲ್ಲಗೆ. "ಇಷ್ಟು ದೊಡ್ಡ ಮನೇಲಿ ನಾನು ಬಾಳ್ವೆ ಮಾಡ್ತಿದ್ನಾ?"

ನಾನೂ ಅವಳ ಕುರ್ಚಿಗೆ ಒತ್ತಿ ಕೂತಿದ್ದೆ. ಅವಳಿಗೆ ಕಂಡದ್ದು ನನಗೂ ಕಾಣುತ್ತಿತ್ತು. ಹೊಸ ಹುಡುಗಿ ಬೆಳದಿಂಗಳ ಅಂಗಿಯಲ್ಲಿ ಬಂದು, ಛ್ವಾ ಮೇಷ್ಟ್ರು ಹೇಳಿಕೊಟ್ಟಂತೆ ಆ ಕಡೆ ಈ ಕಡೆ ಓಡಾಡಿಕೊಂಡು ಹಾಡಿದಳು. ಎಲ್ಲಿಯೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೋಲಿಯೆನ್ ನನ್ನ ತೋಳು ತಿವಿದಳು.

"ಆಬಾನ್. ನಟ್ಟನಡುವೆ ಯಾಕೆ ಖಾಲಿ ಬಿಟ್ಟಿದಾನೆ? ಬಣ್ಣ ಮುಗಿದೋಯ್ತಾ?"

ನೋಡಿದೆ. ಸಿಂಹಾಸನದ ಹಿಂದಿನ ಗೋಡೆಯ ತುಂಬ ಮೋಡ, ಡ್ರ್ಯಾಗನ್ನು, ಹೂಬಳ್ಳಿ. ನಡುವೆ ಮಾತ್ರ ಒಂದು ಆಳಿನಷ್ಟು ಜಾಗದಲ್ಲಿ ಏನೂ ಇಲ್ಲ, ಬರೀ ತಿಳಿಬಣ್ಣ. ಮೇಲೆ ತಲೆ ಬರುವಲ್ಲಿ ಆ ಬೋಳು ಜಾಗ ಎಡಕ್ಕೊಂದು ಬಲಕ್ಕೊಂದು ಗೇಣು ಚಾಚಿಕೊಂಡಿದೆ, ಅಧಿಕಾರಿಯ ಟೋಪಿಗೆ ಎರಡು ರೆಕ್ಕೆ ಇರುತ್ತವಲ್ಲ, ಹಾಗೆ. ಬಳ್ಳಿಗಳೆಲ್ಲ ಅಲ್ಲಿಗೆ ಬಂದು ಅದನ್ನು ಮುಟ್ಟದೆ ಸುತ್ತಿ ಹೋಗಿದ್ದವು. ಮೂವತ್ತು ವರ್ಷ ಅವನ ಪರದೆಗಳನ್ನು ಸುತ್ತಿ ಬಿಚ್ಚಿದವಳು ನಾನು. ಪ್ರತಿಯೊಂದರಲ್ಲೂ ನಡುವೆ ಒಂದು ಬೋಳು ಜಾಗ ಇತ್ತು. ಹತ್ತಿರದಿಂದ ನೋಡುವವಳಿಗೆ ಅದು ಚಿತ್ರ ಬರೆಯದೆ ಬಿಟ್ಟ ಬಟ್ಟೆ, ಅಷ್ಟೇ. ಆಟದ ಹೊತ್ತಿನಲ್ಲಿ ಅದರ ಮುಂದೆ ಯಾವಾಗಲೂ ಇವಳು ನಿಂತಿರುತ್ತಿದ್ದಳು.

"ಅಕ್ಕಾ," ಅಂದೆ. "ಅದು ನೀನು ನಿಲ್ಲೋ ಜಾಗ."

ರಂಗದ ಮೇಲೆ ಹಾಡು ನಡೆದೇ ಇತ್ತು. ಅವಳ ಕೈ ನನ್ನ ಮಣಿಕಟ್ಟಿನ ಮೇಲಿತ್ತು, ಬಿಗಿಯಾಗುತ್ತ ಹೋಯಿತು. ಒಂದು ಪದ್ಯ ಪೂರ್ತಿ ಮುಗಿದ ಮೇಲೆ ಅಂದಳು:

"ಎತ್ತರ ಜಾಸ್ತಿ ಬಿಟ್ಟಿದಾನೆ. ನಾನು ಅಷ್ಟಿಲ್ಲ."

"ಬೂಟು, ಟೋಪಿ ಸೇರಿದ್ರೆ ಅಷ್ಟೇ ಆಗ್ತಿದ್ದೆ."

ಆಮೇಲೆ ಅವಳು ಅತ್ತಳು. ಮುಖದ ಬಲಭಾಗ ಮಾತ್ರ ಅತ್ತಿತು, ಎಡಗಡೆ ನೀರು ಸುಮ್ಮನೆ ಇಳಿಯಿತು. ನಾನು ತೋಳಿನಿಂದ ಒರೆಸಿದೆ. ಪರದೆ ಬೀಳುವವರೆಗೂ ಅವಳು ಆ ಖಾಲಿ ಜಾಗವನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ನನಗೂ ಅಳು ಬಂತು, ಆದರೆ ಕುರ್ಚಿ ತಳ್ಳುವವಳು ಅಳುತ್ತ ಕೂತರೆ ಆಗುತ್ತದೆಯೇ?

ಜನ ಹೋಗುವುದನ್ನು ಕಾಯುತ್ತಿದ್ದಾಗ, ಒಂದು ಗಳಿಗೆ ಅವಳನ್ನು ಬಿಟ್ಟು ರಂಗದ ಹಿಂದಕ್ಕೆ ಓಡಿದೆ. ಕಿಮ್‌ಬೂ ಅಣ್ಣ ವೇಷದ ಪೆಟ್ಟಿಗೆಗಳ ಹತ್ತಿರ ನಿಂತಿದ್ದ. ಐದು ದಿನ ನಿದ್ದೆ ಇರಲಿಲ್ಲ, ಕಣ್ಣು ಕೆಂಪಾಗಿತ್ತು. ಹೊರಗಡೆ ಯಾರೋ ಓರೆ ಅರಮನೆ ಎಂದು ನಗುತ್ತಿದ್ದದ್ದು ಅವನಿಗೂ ಕೇಳಿಸುತ್ತಿತ್ತು.

"ನೆಟ್ಟಗೆ ಕಾಣ್ತಾ ಅವಳಿಗೆ?"

"ಕಾಣ್ತು."

"ಏನಂದ್ಲು?"

"ಎತ್ತರ ಜಾಸ್ತಿ ಬಿಟ್ಟಿದಾನೆ ಅಂದ್ಲು."

ಅವನು ನನ್ನ ಮುಖವನ್ನೇ ನೋಡಿದ. ಅವಳು ಏನನ್ನು ಕಂಡಳು ಎಂದು ತಿಳಿಯಲು ಅವನಿಗೆ ಅಷ್ಟು ಸಾಕಾಯಿತು.

"ಸುಳ್ಳು," ಎಂದ. "ಅಳತೆ ಸರಿಯಾಗೇ ಇದೆ. ಕೂತು ಕೂತು ಅವಳೇ ಕುಗ್ಗಿದಾಳೆ."

ಹಾಗೆಂದವನು ಹಿಂದಿದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ವೇಷದ ಪೆಟ್ಟಿಗೆಯ ಮೇಲೆ ನಮ್ಮಲ್ಲಿ ಯಾರೂ ಕೂರುವಂತಿಲ್ಲ. ಕಂಪನಿಯ ಯಜಮಾನ ಕೂತಾಗಲೂ ನಾನು ಎಬ್ಬಿಸಿದ್ದೇನೆ. ಅವತ್ತು ಏಳು ಅನ್ನಲಿಲ್ಲ.